ದಾರಿಯ ದಯೆ, ಮನೆಯ ಹಕ್ಕು

(ರಾಜೋಳಿಯಲ್ಲಿ ಸೇರಿದ್ದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ದಿನ ನನಗೆ ಕೊಟ್ಟ ವಿಷಯ ‘ದೂರದ ಓಟ ಮತ್ತು ಅಪರಿಚಿತರ ಔದಾರ್ಯ’. ಶಾಲೆಯ ಸಭೆಯಲ್ಲಿ ಓಟದ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ದೂರದ ದಾರಿಯೇ ನೆನಪಾಗುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ಹೀಗೆ ಮೂರು ಸೀಮೆ ದಾಟಿ ಹೋಗಬೇಕಾದವರು ಅವರು. ಅಂಥ ದಾರಿಯಲ್ಲಿ ಯಾರು ಕೈ ಹಿಡಿಯುತ್ತಾರೆ, ಎಲ್ಲಿಯವರೆಗೆ ಹಿಡಿಯುತ್ತಾರೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಅದಕ್ಕಾಗಿ ಈ ಎರಡು ಮಾತು.

ಮೊದಲು ನಮ್ಮ ದಾರಿಯನ್ನೇ ನೋಡೋಣ. ಪ್ರತಿ ವರ್ಷ ಯುಗಾದಿ ಹತ್ತಿರ ಬಂದಾಗ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಲಕ್ಷಾಂತರ ಜನ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಹೊರಡುತ್ತಾರೆ. ಅವರಲ್ಲಿ ಬಹಳ ಮಂದಿ ಕಾಲ್ನಡಿಗೆಯವರು. ರಾಯಚೂರಿನಿಂದ ಹೊರಟವರು ಇನ್ನೂರು ಕಿಲೋಮೀಟರಿಗೂ ಹೆಚ್ಚು, ಬೆಳಗಾವಿಯ ಕಡೆಯವರು ಐನೂರಕ್ಕೂ ಹೆಚ್ಚು ಕಿಲೋಮೀಟರು ನಡೆಯುತ್ತಾರೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಒಂದಷ್ಟು ಜನ ಮಂತ್ರಾಲಯ, ಎಮ್ಮಿಗನೂರಿನ ಮೇಲೆ, ಇನ್ನೊಂದಷ್ಟು ಜನ ನಮ್ಮ ಈ ಗದ್ವಾಲ ಸೀಮೆಯ ಮೇಲೆ ಹಾದು ಕರ್ನೂಲು ಸೇರುತ್ತಾರೆ. ಮುಂದೆ ಆತ್ಮಕೂರು, ಅಲ್ಲಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಎಂದು ನಲ್ಲಮಲ ಕಾಡಿನ ಕಾಲುದಾರಿ. ಅದು ಹುಲಿಗಳ ಕಾಡು, ಬೇಸಿಗೆಯ ಬಿಸಿಲು, ಕಲ್ಲುಮೆಟ್ಟಿಲು.

ಈ ಜನರ ಗಂಟಿನಲ್ಲಿ ಏನಿರುತ್ತದೆ? ಒಂದಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಹೊದಿಕೆ. ರೊಟ್ಟಿ ನಾಲ್ಕು ದಿನ ಬಂದೀತು. ಆಮೇಲಿನ ದಾರಿ ನಡೆಯುವುದು ದಾರಿಬದಿಯ ಊರುಗಳ ಅನ್ನದಿಂದ. ಅರವಟ್ಟಿಗೆ ಇಟ್ಟು ನೀರು ಕೊಡುವವರು, ಮಜ್ಜಿಗೆ ಕೊಡುವವರು, ಮರದ ಕೆಳಗೆ ಒಲೆ ಹೂಡಿ ದಾಸೋಹ ನಡೆಸುವವರು, ಬೊಬ್ಬೆ ಎದ್ದ ಪಾದಕ್ಕೆ ಎಣ್ಣೆ ಹಚ್ಚುವವರು ಅಲ್ಲಲ್ಲಿ ಸಿಗುತ್ತಾರೆ. ಅವರಲ್ಲಿ ಕನ್ನಡ ನಾಡಿನಿಂದ ಸೇವೆಗೆಂದೇ ಬಂದವರೂ ಇದ್ದಾರೆ, ಕನ್ನಡದ ಒಂದು ಅಕ್ಷರ ಬಾರದ ತೆಲುಗು ಹಳ್ಳಿಗರೂ ಇದ್ದಾರೆ. ನಡೆಯುವವನ ಹೆಸರು ಯಾರೂ ಕೇಳುವುದಿಲ್ಲ. ಕಾಲಿನ ಧೂಳೇ ಅವನ ಗುರುತಿನ ಚೀಟಿ.

ಇದು ನಿನ್ನೆ ಮೊನ್ನೆಯ ಸಂಬಂಧವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದದ್ದು ನಿಮಗೆಲ್ಲ ಗೊತ್ತು. ಹದಿನಾಲ್ಕನೆಯ ಶತಮಾನದಲ್ಲಿ ಶ್ರೀಶೈಲದ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದವನು ಕೊಂಡವೀಡಿನ ರೆಡ್ಡಿ ದೊರೆ ಪ್ರೋಲಯ ವೇಮ. ಬಸವಣ್ಣನವರ ಕಥೆಯನ್ನು ಪಾಲ್ಕುರಿಕೆ ಸೋಮನಾಥ ಮೊದಲು ತೆಲುಗಿನಲ್ಲಿ ಬರೆದ, ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಇಂದಿಗೂ ಯುಗಾದಿಗೆ ನಡೆದು ಹೋಗುವ ಕನ್ನಡಿಗರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಬಗೆದು ಸೀರೆ, ಅರಿಸಿನ, ಕುಂಕುಮ ಒಯ್ಯುತ್ತಾರೆ. ಮಗಳನ್ನು ಕೊಟ್ಟ ಊರಿಗೆ ಹೋಗುವವನು ಪರಕೀಯನಾಗುವುದು ಹೇಗೆ?

ಇನ್ನೊಂದು ಸಂಗತಿಯನ್ನು ಗಮನಿಸಿ. ಬಾಯಾರಿದವನಿಗೆ ಬೇಕಾಗುವ ಮಾತುಗಳು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕದ ಮನೆಯವು. ನಮ್ಮ ನೀರು ಅವರಿಗೆ ನೀಳ್ಳು, ನಮ್ಮ ಮಜ್ಜಿಗೆ ಅವರಿಗೆ ಮಜ್ಜಿಗ, ನಮ್ಮ ಬೆಲ್ಲ ಅವರಿಗೆ ಬೆಲ್ಲಂ. ಉಪ್ಪು ಎರಡೂ ಕಡೆ ಉಪ್ಪೇ, ಕಾಲು ಕಾಲೇ, ಊರು ಊರೇ. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆ ನಮ್ಮ ಗಡಿಯವರಿಗೇ ಹೇಳಿ ಮಾಡಿಸಿದಂತಿದೆ.

ಇದು ದೇವರ ಹೆಸರಿನ ದಾರಿ, ಆದ್ದರಿಂದ ಜನ ಅನ್ನ ಕೊಡುತ್ತಾರೆ ಎಂದು ನೀವು ಹೇಳಬಹುದು. ಹಾಗಾದರೆ ದೇವರ ಹೆಸರಿಲ್ಲದ ಒಂದು ದಾರಿಯನ್ನು ನೋಡೋಣ. ಅದೂ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಯೋಚನೆಯೇ.

ವಿನೋಬಾ ಭಾವೆಯವರ ಹೆಸರು ಈ ನಾಡಿಗೆ ಹೊಸದಲ್ಲ. ಅವರ ಭೂದಾನ ಚಳವಳಿ ಶುರುವಾದದ್ದು 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ. ಅವರ ಅನುಯಾಯಿಗಳಾದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ತರುಣರು ಬೆಂಗಳೂರಿನ ವಿಶ್ವನೀಡಂ ಆಶ್ರಮದಲ್ಲಿದ್ದರು. ಅಣುಬಾಂಬಿನ ವಿರುದ್ಧ ಪ್ರತಿಭಟಿಸಿದ ಮುದಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರನ್ನು ಇಂಗ್ಲೆಂಡಿನಲ್ಲಿ ಬಂಧಿಸಿದ ಸುದ್ದಿ ಓದಿ, ತೊಂಬತ್ತರ ಅಂಚಿನ ಮುದುಕ ಸೆರೆಮನೆಗೆ ಹೋಗುವಾಗ ನಾವು ತರುಣರು ಸುಮ್ಮನೆ ಕೂಡುವುದೇ ಎಂದುಕೊಂಡರು. ಬಾಂಬು ಇಟ್ಟುಕೊಂಡ ನಾಲ್ಕು ದೇಶಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿಗೆ ನಡೆದೇ ಹೋಗುವುದೆಂದು ತೀರ್ಮಾನಿಸಿದರು. ವಿನೋಬಾರ ಆಶೀರ್ವಾದ ಕೇಳಿದಾಗ ಅವರು ಹೇಳಿದ ನಿಯಮ ಎರಡು: ಮಾಂಸ ತಿನ್ನಬೇಡಿ, ಕೈಯಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳಬೇಡಿ. ಹಣವಿದ್ದವನು ದಣಿದ ಸಂಜೆ ವಸತಿಗೃಹ ಹುಡುಕುತ್ತಾನೆ, ಹಣವಿಲ್ಲದವನು ಮನುಷ್ಯರನ್ನು ಹುಡುಕಬೇಕಾಗುತ್ತದೆ. ಆ ನಿಯಮದ ಹಿಂದಿನ ವಿವೇಕ ಇದೇ.

1962ರ ಜೂನ್ 1ರಂದು ಅವರು ದೆಹಲಿಯ ರಾಜಘಾಟಿನಿಂದ ಹೊರಟರು. ಪಾಕಿಸ್ತಾನದ ಗಡಿಯ ಹತ್ತಿರ ಗೆಳೆಯರು ಬುತ್ತಿಯ ಗಂಟುಗಳನ್ನು ತಂದು, ಅದು ವೈರಿಗಳ ದೇಶ, ಇದನ್ನಾದರೂ ಒಯ್ಯಿರಿ ಎಂದರಂತೆ. ಸತೀಶ್ ಕುಮಾರ್ ಅದನ್ನು ಮುಟ್ಟಲಿಲ್ಲ. ಇದು ಅನ್ನದ ಗಂಟಲ್ಲ, ಅಪನಂಬಿಕೆಯ ಗಂಟು ಎಂಬುದು ಅವರ ಭಾವನೆ. ಗಡಿ ದಾಟಿದ ಕೂಡಲೇ ಅದೇ ಪಾಕಿಸ್ತಾನದ ಒಬ್ಬ ಅಪರಿಚಿತ ಅವರನ್ನು ತನ್ನ ಮನೆಗೆ ಅತಿಥಿಗಳಾಗಿ ಕರೆದ. ಅಲ್ಲಿಂದ ಅಫಘಾನಿಸ್ತಾನ, ಇರಾನ್, ಅಂದಿನ ಸೋವಿಯತ್ ದೇಶ. ಅಲ್ಲಿ ಚಹಾ ಕಾರ್ಖಾನೆಯ ಇಬ್ಬರು ಹೆಣ್ಣುಮಕ್ಕಳು ಅವರಿಗೆ ನಾಲ್ಕು ಚಹಾ ಪೊಟ್ಟಣ ಕೊಟ್ಟು, ನಾಲ್ಕು ದೇಶದ ನಾಯಕರಿಗೂ ಒಂದೊಂದು ತಲುಪಿಸಿ, ಬಾಂಬಿನ ಗುಂಡಿ ಒತ್ತುವ ಹುಚ್ಚು ಬಂದಾಗ ಒಂದು ಕ್ಷಣ ನಿಂತು ಚಹಾ ಕುಡಿಯಲಿ ಎಂದು ಹೇಳಿ ಕಳಿಸಿದರು. ಫ್ರಾನ್ಸಿನಲ್ಲಿ ಅವರು ಸೆರೆಮನೆಯನ್ನೂ ಕಂಡರು. ಲಂಡನ್ನಿನಲ್ಲಿ ರಸೆಲ್ಲರನ್ನೇ ಕಂಡರು. ಸಮುದ್ರವನ್ನು ಹಡಗಿನಲ್ಲಿ ದಾಟಿ 1964ರ ಆರಂಭದಲ್ಲಿ ವಾಷಿಂಗ್ಟನ್ ಮುಟ್ಟಿದರು. ಒಟ್ಟು ಎಂಟು ಸಾವಿರ ಮೈಲಿಯ ಪ್ರಯಾಣ. ಇಷ್ಟು ದಾರಿಗೆ ಜೇಬಿನಲ್ಲಿ ಒಂದು ಕಾಸೂ ಇರಲಿಲ್ಲ.

ಈಗ ಓಟದ ಮಾತಿಗೆ ಬರುತ್ತೇನೆ. ಇದನ್ನು ನಮ್ಮ ಮಕ್ಕಳಿಗೆ ಭೂಪಟ ತೋರಿಸಿ ಹೇಳಿದ್ದೇನೆ, ನಿಮಗೂ ಹೇಳಬೇಕು.

ಕೆನಡಾ ದೇಶದಲ್ಲಿ ಟೆರಿ ಫಾಕ್ಸ್ ಎಂಬ ಹುಡುಗನಿದ್ದ. 1977ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರ್ ಬಂದು ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತ ನರಳುತ್ತಿದ್ದ ರೋಗಿಗಳನ್ನು ಕಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಪೂರ್ವ ತುದಿಯಿಂದ ಪಶ್ಚಿಮ ತುದಿಗೆ ಓಡುವುದೆಂದು ನಿಶ್ಚಯಿಸಿದ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಎಂಬ ಊರಿನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿನಲ್ಲಿ ಅದ್ದಿ ಓಟ ಶುರುಮಾಡಿದ. ದಿನಕ್ಕೆ ಸುಮಾರು 42 ಕಿಲೋಮೀಟರು. ಅಂದರೆ ದಿನಕ್ಕೊಂದು ಮ್ಯಾರಥಾನ್, ಅದೂ ಒಂದೇ ಕಾಲಿನ ಮೇಲೆ. ಹಿಂದೆ ಗೆಳೆಯನೊಬ್ಬ ವ್ಯಾನ್ ಓಡಿಸಿಕೊಂಡು ಬರುತ್ತಿದ್ದ, ಮುಂದೆ ತಮ್ಮನೂ ಬಂದು ಸೇರಿದ.

ಪೋರ್ಟ್ ಓ ಬಾಸ್ಕ್ ಎಂಬ ಸಣ್ಣ ಊರಿನಲ್ಲಿ ಹತ್ತು ಸಾವಿರ ಜನ. ಅವರು ಕೂಡಿಸಿ ಕೊಟ್ಟದ್ದು ಹತ್ತು ಸಾವಿರ ಡಾಲರಿಗೂ ಹೆಚ್ಚು, ತಲೆಗೊಂದು ಡಾಲರು. ಇದನ್ನು ಕಂಡು ಆ ಹುಡುಗನಿಗೆ ಇಡೀ ದೇಶದಿಂದ ತಲೆಗೊಂದು ಡಾಲರು ಕೂಡಿಸುವ ಆಸೆ ಹುಟ್ಟಿತು.

ಆದರೆ ಕ್ವಿಬೆಕ್ ಎಂಬ ಪ್ರಾಂತ ಬಂದಾಗ ಪರಿಸ್ಥಿತಿ ಬದಲಾಯಿತು. ಅಲ್ಲಿಯವರು ಫ್ರೆಂಚ್ ಮಾತಾಡುವವರು. ಟೆರಿಗೂ ಅವನ ಜೊತೆಗಾರರಿಗೂ ಫ್ರೆಂಚ್ ಬಾರದು. ಈ ಕುಂಟು ಹುಡುಗ ಏಕೆ ಓಡುತ್ತಿದ್ದಾನೆ ಎಂಬುದೇ ಬಹಳ ಜನಕ್ಕೆ ತಿಳಿಯಲಿಲ್ಲ. ವಾಹನಗಳು ಅವನನ್ನು ರಸ್ತೆಯಿಂದ ಪಕ್ಕಕ್ಕೆ ತಳ್ಳಿದಂತೆ ಹಾದುಹೋದವು, ಹಣವೂ ಹೆಚ್ಚು ಕೂಡಲಿಲ್ಲ. ಇದನ್ನು ಹೇಳಿದಾಗ ನಮ್ಮ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಆ ಜನ ಕೆಟ್ಟವರಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವರು ಕೆಟ್ಟವರಲ್ಲ ಮಗಳೇ, ಅವರಿಗೆ ಸುದ್ದಿ ಅವರ ಮಾತಿನಲ್ಲಿ ಮುಟ್ಟಲಿಲ್ಲ ಎಂದು ಹೇಳಿದೆ. ದಯೆಗೂ ಭಾಷೆ ಬೇಕು. ನನ್ನ ಕಾಲು ನೋಯುತ್ತಿದೆ ಎಂಬುದು ಮುಖ ನೋಡಿದರೆ ತಿಳಿಯುತ್ತದೆ, ಆದರೆ ನಾನು ಏಕೆ ಓಡುತ್ತಿದ್ದೇನೆ ಎಂಬುದನ್ನು ಮಾತೇ ತಿಳಿಸಬೇಕು.

ಒಂಟಾರಿಯೋ ಪ್ರಾಂತಕ್ಕೆ ಬಂದಾಗ ಮತ್ತೆ ಜನಸಾಗರ ಅವನನ್ನು ಎದುರುಗೊಂಡಿತು. ಆದರೆ 1980ರ ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಬಳಿ ಎದೆನೋವು, ಕೆಮ್ಮು ತಾಳಲಾರದೆ ಅವನು ನಿಲ್ಲಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಅಷ್ಟು ಹೊತ್ತಿಗೆ 143 ದಿನಗಳಲ್ಲಿ 5,373 ಕಿಲೋಮೀಟರು ಓಡಿದ್ದ. 1981ರ ಫೆಬ್ರುವರಿ ಹೊತ್ತಿಗೆ ಅವನ ಹೆಸರಿನಲ್ಲಿ 2 ಕೋಟಿ 41 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಆಗ ಆ ದೇಶದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ತಲೆಗೊಂದು ಡಾಲರಿನ ಆಸೆ ಕೈಗೂಡಿದ್ದನ್ನು ಕಂಡು, ಅದೇ ವರ್ಷ ಜೂನ್ 28ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೆರಿ ತೀರಿಕೊಂಡ. ಅವನ ಹೆಸರಿನ ಓಟ ಇಂದಿಗೂ ಪ್ರತಿ ವರ್ಷ ಅನೇಕ ದೇಶಗಳಲ್ಲಿ ನಡೆಯುತ್ತದೆ.

ಪಾಲಕ ಬಂಧುಗಳೇ, ಈ ಮೂರು ದಾರಿಗಳಿಂದ ನಾವು ತಿಳಿಯಬೇಕಾದದ್ದೇನು?

ನಿಮ್ಮಲ್ಲಿ ಅನೇಕರು ನನ್ನ ಬಳಿ ಒಂದು ಭಯ ಹೇಳಿಕೊಳ್ಳುತ್ತೀರಿ. “ಮಾಸ್ತರರೇ, ಕನ್ನಡ ಓದಿದರೆ ನಮ್ಮ ಹುಡುಗ ಈ ತೆಲುಗು ನಾಡಿನಲ್ಲಿ ಒಂಟಿಯಾಗುತ್ತಾನೆ” ಎನ್ನುತ್ತೀರಿ. ಈ ಭಯದಿಂದಲೇ ಎಷ್ಟೋ ಮಕ್ಕಳನ್ನು ನಾಲ್ಕನೆಯ, ಐದನೆಯ ತರಗತಿಯ ಹೊತ್ತಿಗೆ ಬಿಡಿಸಿ ಇಂಗ್ಲಿಷ್ ಫಲಕದ ಶಾಲೆಗೆ ಹಾಕುತ್ತೇವೆ. ಅಲ್ಲಿ ಮಗು ಕನ್ನಡವನ್ನು ಮರೆಯುತ್ತದೆ, ಇಂಗ್ಲಿಷನ್ನು ಬಾಯಿಪಾಠ ಮಾಡುತ್ತದೆ, ತಿಳಿಯುವುದು ಎರಡರಲ್ಲೂ ಇಲ್ಲ. ನಾನು ಹೇಳುವುದಿಷ್ಟು. ನೆರೆಯವರ ಬಗ್ಗೆ ಭಯ ಬೇಡ. ಶ್ರೀಶೈಲದ ದಾರಿಯಲ್ಲಿ ಕನ್ನಡಿಗನಿಗೆ ಮಜ್ಜಿಗೆ ಕೊಟ್ಟ ಕೈ ನಮ್ಮ ಮಕ್ಕಳಿಗೂ ದಾರಿ ಬಿಡುತ್ತದೆ. ಆದರೆ ನಮ್ಮ ಮಕ್ಕಳು ಕ್ವಿಬೆಕ್ಕಿನ ಟೆರಿಯಂತೆ ಮಾತಿಲ್ಲದೆ ಓಡಬಾರದು. ಅವರಿಗೆ ತೆಲುಗು ಚೆನ್ನಾಗಿ ಬರಬೇಕು. 2018ರ ತೆಲಂಗಾಣ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಇದನ್ನು ಹೊರೆಯೆಂದು ಗೊಣಗಬೇಡಿ. ಕನ್ನಡದಲ್ಲಿ ಓದು ಬರಹ ಗಟ್ಟಿಯಾದ ಮಗುವಿಗೆ ತೆಲುಗು ಲಿಪಿ ಬಹಳ ಬೇಗ ಕೈಗೆ ಹತ್ತುತ್ತದೆ, ಎರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುವ ಲಿಪಿಗಳು.

ಇದು ಮೊದಲನೆಯ ಮಾತು. ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ದಯೆ ಬೇರೆ, ಹಕ್ಕು ಬೇರೆ.

ಇದನ್ನು ರಾಜೋಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಈ ಊರಿಗೆ ನುಗ್ಗಿದಳು. ಮನೆಗಳು ಬಿದ್ದವು, ಮಗ್ಗಗಳು ಕೆಸರಿನಲ್ಲಿ ಹೂತವು. ಆ ಮೊದಲ ದಿನಗಳಲ್ಲಿ ಅನ್ನ, ಬಟ್ಟೆ, ಹೊದಿಕೆ ತಂದುಕೊಟ್ಟವರಲ್ಲಿ ಹೆಸರು ಗೊತ್ತಿಲ್ಲದ ಎಷ್ಟೋ ಜನರಿದ್ದರು. ಅದು ದಯೆ, ಅದಕ್ಕೆ ಕೈ ಮುಗಿಯಬೇಕು. ಆದರೆ ಬಿದ್ದ ಮನೆಗೆ ಪರಿಹಾರ ಕೊಡಿ, ಎತ್ತರದ ಜಾಗದಲ್ಲಿ ನಿವೇಶನ ಕೊಡಿ ಎಂದು ಕೇಳುವಾಗ ಯಾರೂ ದಯೆಯನ್ನು ಬೇಡುವುದಿಲ್ಲ. ಅದು ಪ್ರಜೆಯ ಹಕ್ಕು. ದಯೆ ಒಂದು ವಾರ ನಡೆಸುತ್ತದೆ, ಬದುಕು ನಡೆಯಲು ಹಕ್ಕು ಬೇಕು. ನಡೆಯುವವನಿಗೆ ನೀರು ಕೊಡುವುದು ಊರಿನವರ ಗುಣ. ಮಗುವಿಗೆ ಅದರ ಮಾತಿನಲ್ಲಿ ಪಾಠ ಹೇಳುವ ಶಿಕ್ಷಕನನ್ನು ಕೊಡುವುದು ಸರಕಾರದ ಹೊಣೆ.

ಈ ಹೊಣೆ ಎಲ್ಲಿಂದ ಬಂತು? 1956ರ ನವೆಂಬರ್ 1ರವರೆಗೆ ಗದ್ವಾಲ, ಅಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆ ದಿನ ಭಾಷಾವಾರು ಗೆರೆ ಬಿತ್ತು. ಈ ಎರಡು ತಾಲೂಕು ಇತ್ತ, ಉಳಿದ ರಾಯಚೂರು ಅತ್ತ ಆಯಿತು. ಗೆರೆ ಎಳೆದವರಿಗೆ, ಗೆರೆಯ ಆಚೆ ಈಚೆ ಜನ ಉಳಿದೇ ಉಳಿಯುತ್ತಾರೆ ಎಂಬುದು ಗೊತ್ತಿತ್ತು. ಆದ್ದರಿಂದಲೇ ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ 350ಎ ಎಂಬ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು ಎಂಬುದು ಅದರ ತಾತ್ಪರ್ಯ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕು. 29 ಮತ್ತು 30ನೆಯ ವಿಧಿಗಳು ಭಾಷೆಯನ್ನು ಉಳಿಸಿಕೊಳ್ಳುವ, ಶಾಲೆ ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯೇ ಕಲಿಕೆಯ ಮಾಧ್ಯಮವಾಗಿರಬೇಕು ಎನ್ನುತ್ತದೆ. ಗೆರೆ ಮತ್ತು ಹಕ್ಕು ಒಂದೇ ದಿನ ಹುಟ್ಟಿದವು. ಗೆರೆಯನ್ನು ನಾವು ಒಪ್ಪಿಕೊಂಡಿದ್ದೇವೆ, ಹಕ್ಕನ್ನೂ ನೆನಪಿನಲ್ಲಿಡಬೇಕು.

ಹಕ್ಕು ತಾನಾಗಿ ನಡೆದು ಬರುವುದಿಲ್ಲ. ಅದನ್ನು ಹೊತ್ತು ಓಡುವವರು ಬೇಕು. ಅದಕ್ಕಾಗಿ ನಿಮ್ಮಲ್ಲಿ ನಾಲ್ಕು ವಿನಂತಿಗಳು.

ಒಂದು, ಮಗುವನ್ನು ಶಾಲೆಗೆ ಸೇರಿಸುವಾಗ ದಾಖಲೆಯಲ್ಲಿ ಮಾತೃಭಾಷೆ ‘ಕನ್ನಡ’ ಎಂದೇ ಬರೆಸಿರಿ. ಜನಗಣತಿಯವರು ಮನೆಗೆ ಬಂದಾಗಲೂ ಹಾಗೆಯೇ ಹೇಳಿರಿ. ತೆಲುಗು ಚೆನ್ನಾಗಿ ಬರುತ್ತದೆ ಎಂದು ಮಾತೃಭಾಷೆಯನ್ನು ತೆಲುಗು ಎಂದು ಬರೆಸಬೇಡಿ. ತಿಳಿದ ಇತರ ಭಾಷೆಗಳಿಗೆ ಬೇರೆ ಕಲಮು ಇರುತ್ತದೆ. ಲೆಕ್ಕದಲ್ಲಿ ಇಲ್ಲದವರಿಗೆ ಶಿಕ್ಷಕರೂ ಬರುವುದಿಲ್ಲ, ಪಠ್ಯಪುಸ್ತಕವೂ ಬರುವುದಿಲ್ಲ.

ಎರಡು, ಶಿಕ್ಷಕರ ಹುದ್ದೆ ಖಾಲಿ ಇದ್ದರೆ, ಪುಸ್ತಕ ತಡವಾದರೆ, ಬಾಯಿಮಾತಿನಲ್ಲಿ ಗೊಣಗಿ ಸುಮ್ಮನಾಗಬೇಡಿ, ಬರೆದು ಕೊಡಿ. ಯಾವ ಊರು, ಯಾವ ತರಗತಿ, ಎಷ್ಟು ಮಕ್ಕಳು, ಎಂದಿನಿಂದ ತೊಂದರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ, ನಕಲು ಇಟ್ಟುಕೊಳ್ಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಬರೆಯಿರಿ, ಜೊತೆಗೆ ತೆಲುಗಿನ ಪ್ರತಿಯನ್ನೂ ಲಗತ್ತಿಸಿರಿ. ಸುದ್ದಿ ಅವರ ಮಾತಿನಲ್ಲೂ ಮುಟ್ಟಲಿ.

ಮೂರು, ನಿಮ್ಮ ತೆಲುಗು ನೆರೆಹೊರೆಯವರನ್ನು ಶಾಲೆಯ ಹಬ್ಬಗಳಿಗೆ ಕರೆಯಿರಿ. ನಮ್ಮ ಶಾಲೆ ಏಕೆ ಇದೆ ಎಂಬುದು ಅವರಿಗೆ ತಿಳಿದರೆ ನಾಳೆ ಅರ್ಜಿಗೆ ಅವರೂ ಸಹಿ ಹಾಕುತ್ತಾರೆ. ನಮ್ಮ ಹಕ್ಕು ಅವರ ವಿರುದ್ಧವಾದದ್ದಲ್ಲ. ಕರ್ನಾಟಕದಲ್ಲಿರುವ ತೆಲುಗು ಮಕ್ಕಳಿಗೂ ಇದೇ 350ಎ ವಿಧಿ ಆಸರೆ ಎಂಬುದನ್ನು ಅವರಿಗೆ ಹೇಳಿರಿ.

ನಾಲ್ಕು, ಐದನೆಯ ತರಗತಿಯ ಆಚೆ ಕನ್ನಡ ಶಾಲೆ ದೂರ ಎಂದು ಮಗುವನ್ನು, ಅದರಲ್ಲೂ ಹೆಣ್ಣುಮಗುವನ್ನು, ಮನೆಯಲ್ಲಿ ಕೂಡಿಸಬೇಡಿ. ನಾಲ್ಕು ಮನೆಯವರು ಸೇರಿದರೆ ಸರದಿಯ ಮೇಲೆ ಒಬ್ಬರು ಮಕ್ಕಳನ್ನು ಕರೆದೊಯ್ದು ಕರೆತರಬಹುದು. ಟೆರಿಯ ಹಿಂದೆ ಒಂದು ವ್ಯಾನ್ ಇತ್ತೆಂದು ಹೇಳಿದೆನಲ್ಲ. ಓಡಿದವನು ಅವನೇ, ಆದರೆ ಆ ವ್ಯಾನ್ ಇಲ್ಲದಿದ್ದರೆ ಅವನು ಅಷ್ಟು ದೂರ ಹೋಗುತ್ತಿರಲಿಲ್ಲ. ನಮ್ಮ ಮಕ್ಕಳ ಹಿಂದೆ ಬರಬೇಕಾದ ವ್ಯಾನ್ ನಾವೇ.

ದಾರಿಯಲ್ಲಿ ಸಿಕ್ಕ ದಯೆಗೆ ಕೃತಜ್ಞರಾಗಿರೋಣ. ನಮ್ಮ ಊರ ಮುಂದೆ ಯಾವ ಭಾಷೆಯವನು ದಣಿದು ಬಂದರೂ ನೀರು ಕೊಡುವುದನ್ನು ಮಕ್ಕಳಿಗೆ ಕಲಿಸೋಣ. ಆದರೆ ಶಾಲೆಯ ಬಾಗಿಲಲ್ಲಿ ನಿಂತು ನೀರು ಬೇಡಿದಂತೆ ಪಾಠ ಬೇಡುವುದು ಬೇಡ. ಅಲ್ಲಿ ತಲೆಯೆತ್ತಿ, ಅರ್ಜಿ ಹಿಡಿದು, ನಮ್ಮದನ್ನು ಕೇಳೋಣ. ಖಾಲಿ ಹುದ್ದೆಗಳ ಅರ್ಜಿಯ ಕರಡು ಮೇಜಿನ ಮೇಲೆ ಇದೆ. ಓದಿ, ತಿದ್ದುವುದಿದ್ದರೆ ತಿದ್ದಿ, ಸಹಿ ಮಾಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಸಹಿ ಬಾರದ ತಾಯಂದಿರಿಗೆ ನಿಮ್ಮ ಮಕ್ಕಳೇ ಹೆಸರು ಬರೆಯುವುದನ್ನು ಕಲಿಸಿಕೊಡುತ್ತಾರೆ, ಅದೂ ಕನ್ನಡದಲ್ಲಿ.